ಅರವತ್ತೊಂದು ಕಿಲೋ

ಬಿರ್ಗುವಿನ ಆ ಓಣಿಯಲ್ಲಿ ಎರಡೂ ಕೈ ಚಾಚಿದರೆ
ಎರಡು ಮನೆಯ ಗೋಡೆ ತಾಗುತ್ತದೆ.
ನಾನು ಟೇಪು ಚಾಚಿದೆ.

ಮೂರು ಮಹಡಿ. ಸುರುಳಿ ಮೆಟ್ಟಿಲು ಐವತ್ತೆಂಟು,
ಕಾಲು ಸವೆಸಿ ಸವೆಸಿ ಬಟ್ಟಲಾದ ಕಲ್ಲು.
ಕೆಳಗೆ ತಮ್ಮ ವಿಸ್ತಿನ್, ದೋಣಿಗೆ ಬಣ್ಣ ಬಳಿಯುವವ.
ಮೇಲೆ ಅಕ್ಕ ಚೆನ್ಸಾ, ಲೇಸು ಹೆಣೆಯುವವಳು.
"ಎರಡು ವರ್ಷ ಆಯ್ತು ಅವಳು ಇಳಿದು," ಅಂದ ವಿಸ್ತಿನ್,
ಹವಾಮಾನ ಹೇಳುವ ಹಾಗೆ.
"ಮಂಡಿಯೇ?"
"ಮಂಡಿ ಅಂತಾಳೆ."

ಮೇಲೆ ಹೋಗಿ ಕ್ಯಾಟಲಾಗು ಬಿಡಿಸಿದೆ.
ಎಣ್ಣೆಯ ಒತ್ತಡದಲ್ಲಿ ಏರುವುದು: ಮೃದು, ಆದರೆ ಆಳದ ಗುಂಡಿ ಬೇಕು,
ಇಲ್ಲಿ ನೆಲ ಅಗೆದರೆ ಅಜ್ಜಂದಿರ ಮಳೆನೀರಿನ ತೊಟ್ಟಿ.
ಗಾಳಿ ಹೀರಿ ಎತ್ತುವ ಗಾಜಿನ ಕೊಳವೆ: ಚೆಂದ, ದುಬಾರಿ,
ಒಳಗೆ ನಿಂತವರು ಜಾಡಿಯ ಉಪ್ಪಿನಕಾಯಿಯಂತೆ ಕಾಣುತ್ತಾರೆ.
ತಿರುಪುಕಂಬ ಹಿಡಿದು ಹತ್ತುವುದು: ಹಳೆ ಗುಮಾಸ್ತ,
ಗೊಣಗುತ್ತದೆ, ಕೈ ಬಿಡುವುದಿಲ್ಲ.

ಚೆನ್ಸಾ ಕತ್ತೆತ್ತಲಿಲ್ಲ. ಬೆರಳ ನಡುವೆ ಮರದ ಕಡ್ಡಿಗಳು
ಕಟಕಟ ಕಟಕಟ, ಎಳೆಯ ಮೇಲೆ ಎಳೆ.
"ನನಗೆ ಲಿಫ್ಟು ಇದೆ," ಎಂದಳು.

ಬಾಲ್ಕನಿಯ ಕಂಬಿಗೆ ಹಗ್ಗ, ಹಗ್ಗದ ತುದಿಗೆ ಬುಟ್ಟಿ.
ಬೆಳಿಗ್ಗೆ ಏಳಕ್ಕೆ ಚಿಲ್ಲರೆ ಇಳಿಯುತ್ತದೆ, ಬ್ರೆಡ್ಡು ಏರುತ್ತದೆ.
ಹನ್ನೊಂದಕ್ಕೆ ಗಿಣ್ಣು, ಆಲಿವ್, ಮಾತ್ರೆ.
ಓಣಿಯ ಸುದ್ದಿಗೆ ಬುಟ್ಟಿಯೂ ಬೇಡ.
"ಇದಕ್ಕೆ ಕರೆಂಟು ಹೋಗುವುದಿಲ್ಲ."
ನನಗೆ ಉತ್ತರ ತೋಚಲಿಲ್ಲ;
ಮಾರಲು ಬಂದವನಿಗೆ ಅದು ಒಳ್ಳೆಯದಲ್ಲ.

"ನಿಮ್ಮ ತೂಕ?" ಕೇಳಿದ್ದು ಫಾರಂ, ನಾನಲ್ಲ.
"ಅರವತ್ತು. ಬೂಟು ಹಾಕಿದರೆ ಅರವತ್ತೊಂದು.
ಬೂಟು ಎಲ್ಲಿದೆಯೋ ಗೊತ್ತಿಲ್ಲ."

ಕೊನೆಗೆ ತಿರುಪಿನದೇ ಆಯಿತು.
ಜೇನುಬಣ್ಣದ ಆ ಕಲ್ಲು ಗರಗಸಕ್ಕೆ ಎದುರಾಡಲಿಲ್ಲ,
ಧೂಳು ಮಾತ್ರ ಹನ್ನೊಂದು ದಿನ ಮನೆಯವರಂತೆ ಉಳಿಯಿತು:
ಸಂತನ ಹುಬ್ಬಿನ ಮೇಲೆ, ಸೂಪಿನ ಮೇಲೆ,
ವಿಸ್ತಿನ್‌ನ ಕಿವಿಯೊಳಗೆ.
ಚೆನ್ಸಾ ಲೇಸಿನ ದಿಂಬಿಗೆ ದುಪ್ಪಟಿ ಹೊದಿಸಿ
ಕೊರೆದ ತೂತಿನ ಬಳಿಗೆ ಕುರ್ಚಿ ಎಳೆದು ಕೂತಳು.
ಮೂರು ಮಹಡಿ ಕೆಳಗೆ, ಟೋಪಿ ತೆಗೆದ ತಮ್ಮನ ನೆತ್ತಿ.
"ಯಾವಾಗ ಉದುರಿತೋ ಅಷ್ಟು ಕೂದಲು?"
ಅವನು ಮೇಲೆ ನೋಡಿದ. ಕಣ್ಣಿಗೆ ಧೂಳು ಬಿತ್ತು.
ಕಣ್ಣೊರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

ಮೊದಲ ದಿನ ಅವಳು ಬುಟ್ಟಿಯನ್ನು ಲಿಫ್ಟಿನೊಳಗಿಟ್ಟು
ಗುಂಡಿ ಒತ್ತಿ ಹಿಂದೆ ಸರಿದಳು.
ಬುಟ್ಟಿ ಒಂಟಿಯಾಗಿ, ಗಂಭೀರವಾಗಿ ಇಳಿಯಿತು,
ಬಿಷಪ್ಪರ ಹಾಗೆ.
ವಿಸ್ತಿನ್ ಬ್ರೆಡ್ಡಿಟ್ಟು ಮೇಲೆ ಕಳಿಸಿದ. ನನ್ನತ್ತ ನೋಡಿದ.
ಹದಿನೆಂಟು ಸಾವಿರ ಯೂರೋ, ಒಂದು ಬ್ರೆಡ್ಡಿಗೆ.

ಆರು ತಿಂಗಳಿಗೆ ಸರ್ವೀಸಿಗೆ ಹೋದೆ.
ತಿರುಪಿಗೆ ಎಣ್ಣೆ ಸವರಿದೆ, ಬಾಗಿಲ ಬೀಗ ಎಳೆದು ನೋಡಿದೆ,
ಕಂಟ್ರೋಲು ಪೆಟ್ಟಿಗೆಗೆ ವಯರು ಚುಚ್ಚಿ ಲೆಕ್ಕ ಓದಿದೆ.
ಪ್ರತಿ ಪಯಣ, ಅದರ ಹೊತ್ತು, ಅದರ ಭಾರ.
ಎರಡು ಕಿಲೋ. ಮೂರು. ಒಂದೂವರೆ. ಎರಡು.
ಜುಲೈಯಲ್ಲಿ ಹನ್ನೆರಡು, ಕಲ್ಲಂಗಡಿ ಇರಬೇಕು.
ಭಾನುವಾರಗಳಲ್ಲಿ ಎಂಬತ್ತೇಳು, ಮೇಲಕ್ಕೆ: ವಿಸ್ತಿನ್,
ಈಗ ಅವನಿಗೂ ಮಂಡಿ.
ಮತ್ತೆ ಎರಡು. ಎರಡು. ಎರಡು.

ಆಗಸ್ಟ್ ಹದಿಮೂರು, ರಾತ್ರಿ ಮೂರು ಹತ್ತು.
ಅರವತ್ತೊಂದು. ಕೆಳಕ್ಕೆ.

ನಲವತ್ತು ನಿಮಿಷ ಏನೂ ಇಲ್ಲ.

ಮೂರು ಐವತ್ತು. ಅರವತ್ತೊಂದೂವರೆ. ಮೇಲಕ್ಕೆ.

ಆ ಬಾಗಿಲಿಂದ ಸಮುದ್ರಕ್ಕೆ ಏಳು ನಿಮಿಷ,
ಮಂಡಿ ನೋಯುವವರಿಗೆ ಹದಿನೈದು.
ಉಳಿದ ಅರ್ಧ ಕಿಲೋ ಒದ್ದೆಯಾದ ಲಂಗದ ಅಂಚೋ,
ಜೇಬಿಗೆ ಹಾಕಿಕೊಂಡ ಕಲ್ಲೋ,
ನನ್ನ ಫಾರಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

"ಏನಾದರೂ ತೊಂದರೆಯೇ?" ಹಿಂದಿನಿಂದ ವಿಸ್ತಿನ್,
ಕೈಯಲ್ಲಿ ನೀಲಿ ಬಣ್ಣದ ಕುಂಚ.
ಮೇಲೆ ಕಡ್ಡಿಗಳ ಸದ್ದು ಥಟ್ಟನೆ ನಿಂತಿತು.
"ಬುಟ್ಟಿಗೆ ಒಗ್ಗಿಕೊಂಡಿದೆ," ಎಂದೆ, ವಯರು ಕೀಳುತ್ತ.
ಕಟಕಟ ಮತ್ತೆ ಶುರುವಾಯಿತು.